800 ಡಾಲರ್ ರೋಬೋ: ಲೆಕ್ಕಕ್ಕೆ ಬರೆಯದೇ ಬಿಟ್ಟ ಖರ್ಚು

1/6

ಪಿವಿಸಿ ಪೈಪಿಗೆ ಹಚ್ಚೋ ಸಾಲ್ವೆಂಟ್ ವಾಸನೆ ಗೊತ್ತಲ್ವಾ? ಟೆರೇಸ್ ಮೇಲೆ ಟ್ಯಾಂಕ್ ಲೈನ್ ರಿಪೇರಿಗೆ ಪ್ಲಂಬರ್ ಬಂದು ಆ ಚಿಕ್ಕ ಡಬ್ಬಿಯ ಮುಚ್ಚಳ ತೆಗೆದ್ರೆ ಸಾಕು, ಕೆಳಗಿನ ಮನೆಯವರೆಗೂ ಹೊಡೆಯುತ್ತೆ. ಇವತ್ತಿನ ಕಥೆ ಆ ವಾಸನೆಯಿಂದ ಶುರು.

2004. ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರ. ಸುತ್ತ ಮರುಭೂಮಿ, ಸಮುದ್ರ ನೂರಾರು ಮೈಲಿ ದೂರ. ಅಲ್ಲಿನ ಕಾರ್ಲ್ ಹೇಡನ್ ಕಮ್ಯುನಿಟಿ ಹೈಸ್ಕೂಲಿನ ನಾಲ್ಕು ಹುಡುಗರು ಪಿವಿಸಿ ಪೈಪ್ ಕತ್ತರಿಸಿ, ಅಂಟು ಹಚ್ಚಿ, ನೀರೊಳಗೆ ಓಡಾಡೋ ಒಂದು ರೋಬೋ ಮಾಡಿದ್ರು. ಅಂಟಿನ ನಾತಕ್ಕೆ ಅದರ ಹೆಸರೇ 'ಸ್ಟಿಂಕಿ' ಅಂತಾಯ್ತು. ನಮ್ಮಲ್ಲಾಗಿದ್ರೆ 'ಗಬ್ಬುನಾತ' ಅಂತ ಇಡ್ತಿದ್ರೇನೋ.

ಆ ಸ್ಟಿಂಕಿ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾಕ್ಕೆ ಹೋಗಿ, ಕಾಲೇಜು ವಿಭಾಗದಲ್ಲಿ ಸ್ಪರ್ಧಿಸಿ, ಎಂಐಟಿ ತಂಡವನ್ನ ಹಿಂದೆ ಹಾಕಿ ಮೊದಲ ಬಹುಮಾನ ತಗೊಂಡಿತು. (ಎಂಐಟಿ ಅಂದ್ರೆ ಮಣಿಪಾಲದ್ದೂ ಅಲ್ಲ, ಮೈಸೂರಿನದ್ದೂ ಅಲ್ಲ. ಮ್ಯಾಸಚೂಸೆಟ್ಸ್‌ದು. ಅದೇ, ಎಲ್ಲರೂ ಹೇಳೋ ಆ ಎಂಐಟಿ.)

ಈ ಕಥೆ ನೀವು ಯಾವುದೋ ರೀಲ್‌ನಲ್ಲಿ ನೋಡಿರಬಹುದು. '800 ಡಾಲರ್‌ನ ರೋಬೋ 10,000 ಡಾಲರ್‌ನ ರೋಬೋವನ್ನ ಸೋಲಿಸಿತು' ಅಂತ ಒಂದೇ ಸಾಲಲ್ಲಿ ಮುಗಿಸಿಬಿಡ್ತಾರೆ. ನಾನು ಬಿಕಾಂ ಓದ್ತಿರೋದು. ಕಾಸ್ಟ್ ಅಕೌಂಟಿಂಗ್ ಕ್ಲಾಸಲ್ಲಿ ಯಾರಾದ್ರೂ ಬರೀ ಮೆಟೀರಿಯಲ್ ಖರ್ಚು ತೋರಿಸಿ ಇದೇ ಒಟ್ಟು ಖರ್ಚು ಅಂದ್ರೆ ಮೇಡಂ ಉತ್ತರಪತ್ರಿಕೆ ವಾಪಸ್ ಎಸೀತಾರೆ. ಹಾಗಾಗಿ ಈ ಸಲದ ಇತಿಹಾಸ ಪೋಸ್ಟ್‌ನಲ್ಲಿ ಆ 800 ಡಾಲರ್‌ನ ಕಾಸ್ಟ್ ಶೀಟ್ ಬಿಚ್ಚಿ ನೋಡೋಣ.

(ಫೋಟೋ ನಮ್ಮನೆ ಟೆರೇಸಿನ ಪೈಪ್‌ದು. ಸ್ಟಿಂಕಿಯ ಅಸಲಿ ಫೋಟೋ ಹಾಕೋ ಹಕ್ಕು ನನಗಿಲ್ಲ. ಹುಡುಕಿದ್ರೆ ನಿಮಗೇ ಸಿಗುತ್ತೆ.)

2/6

ಮೊದಲು ಹುಡುಗರು ಯಾರು ಅಂತ.

ಕ್ರಿಸ್ಟಿಯನ್ ಆರ್ಸೆಗಾ, ಲೆಕ್ಕ ಮತ್ತು ವಿಜ್ಞಾನದಲ್ಲಿ ತಂಡದ ತಲೆ. ಲೊರೆಂಜೊ ಸಾಂತಿಯಾನ್, ತರಲೆ, ಆದ್ರೆ ಯಾರಿಗೂ ಹೊಳೆಯದ್ದು ಇವನಿಗೆ ಹೊಳೆಯೋದು. ಆಸ್ಕರ್ ವಾಸ್ಕೆಜ್, ನಮ್ಮ ಎನ್‌ಸಿಸಿ ತರದ ತರಬೇತಿಯಲ್ಲಿ ಶಾಲೆಗೇ ಹೆಸರು ಮಾಡಿದ್ದವನು, ಸೈನ್ಯಕ್ಕೆ ಸೇರಬೇಕು ಅಂತಲೇ ಬೆಳೆದವನು. ಲೂಯಿಸ್ ಅರಾಂಡಾ, ದೊಡ್ಡ ಮೈಕಟ್ಟು, ಕಡಿಮೆ ಮಾತು. ರೋಬೋವನ್ನ ನೀರಿಗೆ ಇಳಿಸೋಕೆ, ಎತ್ತೋಕೆ ಅಂಥವನೊಬ್ಬ ಬೇಕೇ ಬೇಕಿತ್ತು.

ನಾಲ್ವರೂ ಮೆಕ್ಸಿಕೋದಲ್ಲಿ ಹುಟ್ಟಿ ಸಣ್ಣವರಿದ್ದಾಗ ಮನೆಯವರ ಜೊತೆ ಗಡಿ ದಾಟಿ ಬಂದವರು. ಹೆಚ್ಚಿನವರ ಹತ್ರ ಅಮೆರಿಕದಲ್ಲಿ ಇರೋಕೆ ಬೇಕಾದ ಕಾಗದಪತ್ರ ಇರಲಿಲ್ಲ. ಆಸ್ಕರ್‌ನ ಸೈನ್ಯದ ಕನಸು ಮುರಿದದ್ದೇ ಅಲ್ಲಿ. ಎಲ್ಲಾ ಅರ್ಹತೆ ಇತ್ತು, ಆ ಒಂದು ಕಾಗದ ಬಿಟ್ಟು. ಅದಾದ ಮೇಲೆ ಮಾಡೋಕೆ ಬೇರೆ ಏನಾದ್ರೂ ಬೇಕು ಅಂತ ಅವನು ರೋಬೋ ತಂಡಕ್ಕೆ ಬಂದ.

ಇಲ್ಲಿ ಒಂದು ವಿಷಯ ಸೇರಿಸಲೇಬೇಕು. ಇದಕ್ಕೆ ಎರಡು ವರ್ಷ ಮುಂಚೆ, 2002ರಲ್ಲಿ, ಫೀನಿಕ್ಸ್‌ನದ್ದೇ ಮತ್ತೊಂದು ಶಾಲೆಯ ನಾಲ್ಕು ಮಕ್ಕಳು ಸೋಲಾರ್ ದೋಣಿ ಸ್ಪರ್ಧೆಗೆ ಅಂತ ನ್ಯೂಯಾರ್ಕ್ ರಾಜ್ಯಕ್ಕೆ ಹೋಗಿದ್ರು. ಬಂದಿದ್ದೇವೆ, ಹಾಗೇ ನಯಾಗರಾ ಜಲಪಾತ ನೋಡಿಬಿಡೋಣ ಅಂತ ಹೋದಾಗ ಗಡಿ ಅಧಿಕಾರಿಗಳು ಹಿಡಿದು ಕೇಳಿದ್ರು. ಆಮೇಲೆ ವರ್ಷಗಟ್ಟಲೆ ಗಡೀಪಾರು ಕೇಸು. ವಿಜ್ಞಾನ ಸ್ಪರ್ಧೆಗೆ ಹೋಗಿ ಬರೋದು ಅಂದ್ರೆ ನಮಗೆ ಟ್ರಿಪ್, ಡೀಸೆಲ್ ಖರ್ಚು, ಊಟದ ಖರ್ಚು. ಅವರಿಗೆ ಶಾಲೆಯಿಂದ ಹೊರಗೆ ದೂರ ಹೋಗೋದೇ ಅಪಾಯದ ಲೆಕ್ಕ. ಇದು 800 ಡಾಲರ್‌ನಲ್ಲಿ ಬರೆದಿಲ್ಲ.

3/6

ಈಗ ಮೇಷ್ಟ್ರುಗಳು. ಇಬ್ಬರು: ಸಾಗರ ವಿಜ್ಞಾನ ಕಲಿಸ್ತಿದ್ದ ಫ್ರೆಡಿ ಲಜ್ವರ್ದಿ ಮತ್ತು ಕಂಪ್ಯೂಟರ್ ಕಲಿಸ್ತಿದ್ದ ಆ್ಯಲನ್ ಕ್ಯಾಮರನ್. ಲಜ್ವರ್ದಿ ಕೂಡ ವಲಸೆ ಬಂದ ಮನೆಯವರೇ, ಇರಾನ್ ಕಡೆಯವರು. 2015ರ ಹಾಲಿವುಡ್ ಸಿನಿಮಾ ಇವರಿಬ್ಬರನ್ನೂ ಕಲಸಿ 'ಫ್ರೆಡಿ ಕ್ಯಾಮರನ್' ಅಂತ ಒಬ್ಬನೇ ಮೇಷ್ಟ್ರನ್ನ ಮಾಡಿಬಿಡ್ತು. ನನಗೆ ಅದು ಇಷ್ಟ ಆಗಲಿಲ್ಲ. ಒಬ್ಬ ಹೀರೋ ಬಂದು ಎಲ್ಲಾ ಬದಲಾಯಿಸಿದ ಅನ್ನೋ ಹಾಗಾಗುತ್ತೆ. ನಿಜದಲ್ಲಿ ಆದದ್ದು ಇಬ್ಬರು ಸರ್ಕಾರಿ ಶಾಲೆ ಮೇಷ್ಟ್ರು ತಿಂಗಳುಗಟ್ಟಲೆ ಸಂಜೆ ಮನೆಗೆ ಲೇಟಾಗಿ ಹೋದದ್ದು. ಅದನ್ನ ಸಿನಿಮಾದಲ್ಲಿ ತೋರಿಸೋದು ಬೋರು, ಒಪ್ಕೋತೀನಿ.

ಸ್ಪರ್ಧೆ ನಡೆಸ್ತಿದ್ದದ್ದು ಮೇಟ್ ಅನ್ನೋ ಸಾಗರ ತಂತ್ರಜ್ಞಾನ ಶಿಕ್ಷಣ ಕೇಂದ್ರ. ಕೇಬಲ್ ಕಟ್ಟಿ ದಡದಿಂದ ಜಾಯ್‌ಸ್ಟಿಕ್‌ನಲ್ಲಿ ಓಡಿಸೋ ನೀರಡಿ ರೋಬೋಗಳ ಸ್ಪರ್ಧೆ. ಈಜುಕೊಳದ ತಳದಲ್ಲಿ ಮುಳುಗಿದ ಜಲಾಂತರ್ಗಾಮಿಯ ಮಾದರಿ ಇಟ್ಟಿರ್ತಾರೆ. ಅದರ ಉದ್ದ ಅಳೀಬೇಕು, ಆಳ ಅಳೀಬೇಕು, ನೀರಿನ ತಾಪಮಾನ ಹೇಳ್ಬೇಕು, ಬಿದ್ದ ವಸ್ತು ಎತ್ತಬೇಕು, ತಳದಲ್ಲಿರೋ ಡ್ರಮ್‌ನೊಳಗಿನ ದ್ರವದ ಸ್ಯಾಂಪಲ್ ತರಬೇಕು.

ಹೈಸ್ಕೂಲಿಗೇ ಬೇರೆ ವಿಭಾಗ ಇತ್ತು. ಮೇಷ್ಟ್ರು ಇವರನ್ನ ಕಾಲೇಜು ವಿಭಾಗಕ್ಕೆ ಹಾಕಿದ್ರು! ಧೈರ್ಯ ಅನ್ಕೋಬೇಡಿ, ಲೆಕ್ಕ ಬೇರೆ ಇತ್ತು. ಬೇರೆ ಹೈಸ್ಕೂಲಿನ ಮುಂದೆ ಸೋತರೆ ಹುಡುಗರು ಕುಗ್ಗಿಬಿಡ್ತಾರೆ. ಎಂಐಟಿ ಮುಂದೆ ಸೋತರೆ ಯಾರು ಏನಂತಾರೆ? ಸೋಲಿನ ಬೆಲೆ ಕಡಿಮೆ ಇರೋ ಜಾಗ ಹುಡುಕಿ ಆಡಿಸಿದ್ರು. ಬಿಸಿನೆಸ್ ಸ್ಟಡೀಸ್‌ನಲ್ಲಿ ರಿಸ್ಕ್ ಬಗ್ಗೆ ಒಂದು ಅಧ್ಯಾಯ ಓದಿದ್ದೀನಿ, ಇಷ್ಟು ಚೆನ್ನಾಗಿ ಅದರಲ್ಲಿಲ್ಲ.

4/6

ಈಗ ಬನ್ನಿ, ರೋಬೋ ಮಾಡಿದ್ದು ಹೇಗೆ ಅಂತ. ನನಗೆ ತುಂಬಾ ಹಿಡಿಸಿದ ಭಾಗ ಇದು, ಸ್ವಲ್ಪ ಉದ್ದ ಆಗುತ್ತೆ.

ಹುಡುಗರು ಸುತ್ತಮುತ್ತಲ ಅಂಗಡಿ, ಕಂಪನಿಗಳನ್ನ ಕೇಳಿ ಸುಮಾರು 800 ಡಾಲರ್ ಒಟ್ಟು ಮಾಡಿದ್ರು. ಆಗಿನ ದರದಲ್ಲಿ ಹೆಚ್ಚುಕಡಿಮೆ 36 ಸಾವಿರ ರೂಪಾಯಿ. ಎಂಐಟಿಯವರ ಬೆನ್ನಿಗೆ ಎಕ್ಸಾನ್‌ಮೊಬಿಲ್ ಅನ್ನೋ ತೈಲ ದೈತ್ಯ ಇತ್ತು, ಅವರ ಬಜೆಟ್ 10,000 ಡಾಲರ್ ದಾಟಿತ್ತು.

ದುಡ್ಡಿಲ್ಲ ಅಂದ್ರೆ ಲೋಹದ ಫ್ರೇಮ್ ಇಲ್ಲ, ಪಿವಿಸಿನೇ ಗತಿ. ಆದ್ರೆ ಪಿವಿಸಿ ಒಳಗೆ ಟೊಳ್ಳು ನೋಡಿ: ವೈರ್ ಪೈಪಿನೊಳಗೇ ಹೋಗುತ್ತೆ, ಒಳಗಿನ ಗಾಳಿ ರೋಬೋವನ್ನ ತೇಲಿಸೋಕೂ ಆಗುತ್ತೆ. ಆ ತೇಲೋ ಶಕ್ತಿಗೆ ಸರಿಯಾಗಿ ಭಾರ ಬೇಕಲ್ಲ? ಬ್ಯಾಟರಿಯನ್ನ ರೋಬೋ ಮೇಲೇ ಕೂರಿಸಿದ್ರು, ನೀರು ಹೋಗದ ಒಂದು ಗಟ್ಟಿ ಪೆಟ್ಟಿಗೆಯಲ್ಲಿ ಹಾಕಿ. ಸಾಮಾನ್ಯವಾಗಿ ಬ್ಯಾಟರಿ ದಡದಲ್ಲಿರುತ್ತೆ, ದಪ್ಪ ಕೇಬಲ್‌ನಲ್ಲಿ ಕರೆಂಟ್ ಕೆಳಗೆ ಕಳಿಸ್ತಾರೆ. ಇವರದ್ದು ತೆಳು ಕೇಬಲ್, ಹಾಗಾಗಿ ರೋಬೋ ಎಳೆದಾಡದೆ ಸಲೀಸಾಗಿ ತಿರುಗುತ್ತೆ. ಅಪಾಯ ಒಂದೇ. ಪೆಟ್ಟಿಗೆಗೆ ನೀರು ನುಗ್ಗಿದ್ರೆ ಎಲ್ಲಾ ಮುಗೀತು.

ಗೊತ್ತಿಲ್ಲದ್ದನ್ನ ಏನು ಮಾಡೋದು? ಫೋನ್. ಮೇಷ್ಟ್ರು ಉತ್ತರ ಕೊಡಲಿಲ್ಲ, ಎಷ್ಟೋ ವಿಷಯ ಅವರಿಗೂ ಗೊತ್ತಿರಲಿಲ್ಲ. ಗೊತ್ತಿರೋರನ್ನ ಕೇಳಿ ಅಂದ್ರು. ಹುಡುಗರು ತಾಪಮಾನ ಅಳೆಯೋ ಉಪಕರಣದ ಕಂಪನಿಗೆ ಫೋನ್ ಹಚ್ಚಿ, ನಾವು ಹೈಸ್ಕೂಲಿನವರು, ನೀರಡಿ ರೋಬೋ ಮಾಡ್ತಿದ್ದೀವಿ, ಯಾವ ಸೆನ್ಸರ್ ಹಾಕಲಿ ಅಂತ ಕೇಳಿದ್ರು. ಆ ಕಡೆಯವರಿಗೆ ಇಂಥ ಫೋನ್ ಯಾವತ್ತೂ ಬಂದಿರಲಿಲ್ಲವೇನೋ. ಕೂತು ಪೂರ್ತಿ ವಿವರಿಸಿದ್ರು. ಉದ್ದ ಅಳೆಯೋ ಲೇಸರ್ ಉಪಕರಣವೂ ಹೀಗೇ ಕೇಳಿ ತಂದದ್ದು. ಆದ್ರೆ ನೀರಲ್ಲಿ ಬೆಳಕಿನ ವೇಗ ಕಡಿಮೆ. ಲೇಸರ್ ಹೋಗಿ ವಾಪಸ್ ಬರೋಕೆ ಜಾಸ್ತಿ ಹೊತ್ತು, ಹಾಗಾಗಿ ಮೀಟರ್ ನಿಜವಾದ ಉದ್ದಕ್ಕಿಂತ ಸುಮಾರು ಮೂರನೇ ಒಂದಂಶ ಹೆಚ್ಚು ತೋರಿಸುತ್ತೆ. ಅದನ್ನ ಲೆಕ್ಕ ಹಾಕಿ ಸರಿ ಮಾಡ್ಕೋಬೇಕು. ಪಠ್ಯಪುಸ್ತಕದ ವಕ್ರೀಭವನ ಇಲ್ಲಿ ಕೆಲಸಕ್ಕೆ ಬಂತು.

ಅಭ್ಯಾಸಕ್ಕೆ ಸಮುದ್ರ ಎಲ್ಲಿ ತರೋದು? ಡೈವಿಂಗ್ ಕಲಿಸೋರ ಈಜುಕೊಳವೇ ಸಮುದ್ರ.

ಈಗ ಕಾಸ್ಟ್ ಶೀಟ್‌ಗೆ ಬನ್ನಿ. 800 ಡಾಲರ್ ಅಂದ್ರೆ ನೇರ ಸಾಮಗ್ರಿ ಅಷ್ಟೇ. ಎರವಲು ತಂದ ಉಪಕರಣಕ್ಕೆ ಶೂನ್ಯ. ಫೋನಲ್ಲಿ ಸಲಹೆ ಕೊಟ್ಟವರ ಫೀಸ್ ಶೂನ್ಯ. ಈಜುಕೊಳ, ಇಬ್ಬರು ಮೇಷ್ಟ್ರ ಅಷ್ಟೂ ಸಂಜೆ, ಶನಿವಾರ, ಎಲ್ಲಾ ಶೂನ್ಯ. 800 ಅನ್ನೋದು ಸುಳ್ಳು ಸಂಖ್ಯೆ ಅಲ್ಲ, ಅರ್ಧ ಬರೆದ ಲೆಡ್ಜರ್. ಬಡವರಿಗೆ ದುಡ್ಡು ಬೇಡ, ಛಲ ಇದ್ರೆ ಸಾಕು ಅಂತ ಈ ಕಥೆಯನ್ನ ಹೇಳೋರು ಆ ಶೂನ್ಯಗಳನ್ನೆಲ್ಲ ನುಂಗಿ ಹಾಕ್ತಾರೆ. ಇದು ನನಗೆ ಸಿಟ್ಟು ಬರಿಸೋ ವಿಷಯ, ಕ್ಷಮಿಸಿ.

5/6

ಸಾಂತಾ ಬಾರ್ಬರಾ ತಲುಪಿ ಅಭ್ಯಾಸಕ್ಕೆ ರೋಬೋ ಇಳಿಸಿದ್ರೆ, ಅದೇ ಆಯ್ತು. ಬ್ಯಾಟರಿ ಪೆಟ್ಟಿಗೆಯಲ್ಲಿ ನೀರು. ಹೊಸ ಪೆಟ್ಟಿಗೆ ಮಾಡೋಕೆ ಟೈಮಿಲ್ಲ. ನೀರು ಬರೋದನ್ನ ತಡೆಯೋಕೆ ಆಗಲ್ಲ ಅಂದ್ರೆ ಬಂದ ನೀರನ್ನ ಹೀರೋದು ಯಾವುದು? ಟ್ಯಾಂಪಾನ್. ಹೌದು, ಮುಟ್ಟಿನ ದಿನಗಳಲ್ಲಿ ಹೆಂಗಸರು ಬಳಸೋದು. ತರೋಕೆ ಹೋಗಿದ್ದು ಲೊರೆಂಜೊ. ಅಂಗಡಿ ಸಾಲಿನಲ್ಲಿ ನಿಂತು ಯಾವುದು ತಗೋಬೇಕು ಗೊತ್ತಾಗದೆ, ಪಕ್ಕದಲ್ಲಿದ್ದ ಅಪರಿಚಿತ ಹೆಂಗಸೊಬ್ಬರನ್ನ ಕೇಳಿಯೇ ಬಿಟ್ಟ. ಕೇಳೋದನ್ನ ಅಷ್ಟು ಹೊತ್ತಿಗೆ ಅವರೆಲ್ಲ ಕಲಿತಾಗಿತ್ತು! ಆ ರಾತ್ರಿ ಕೂತು ವೈರುಗಳನ್ನೂ ಮತ್ತೆ ಬೆಸುಗೆ ಹಾಕಿದ್ರು. ಪೆಟ್ಟಿಗೆಯೊಳಗೆ ಟ್ಯಾಂಪಾನ್ ಜೋಡಿಸಿ ಮಾರನೇ ದಿನ ನೀರಿಗೆ ಬಿಟ್ಟರು. ತಡೀತು.

ಡ್ರಮ್‌ನೊಳಗಿನ ದ್ರವ ತರೋ ಕೆಲಸ ಕಷ್ಟದ್ದು. ಇವರು ಮಾಡಿದ್ದು ಒಂದು ಬಲೂನು, ಒಂದು ಸಣ್ಣ ಪಂಪು. ಬಲೂನು ತುಂಬಿ ಮೇಲೆ ಬಂತು.

ಆದ್ರೆ ರೀಲ್‌ಗಳಲ್ಲಿ ಹೇಳದ ವಿಷಯ ಇಲ್ಲಿದೆ: ನೀರೊಳಗಿನ ಅಂಕದಲ್ಲಿ ಸ್ಟಿಂಕಿ ಬಂದದ್ದು 3ನೇ ಸ್ಥಾನ. ಅಲ್ಲಿಗೆ ಲೆಕ್ಕ ಮುಗಿದಿದ್ರೆ ಈ ಪೋಸ್ಟ್ ಇರ್ತಿರಲಿಲ್ಲ. ಇವರನ್ನ ಮೇಲೆ ಎತ್ತಿದ್ದು ಬರೆದ ವರದಿ ಮತ್ತು ಮೌಖಿಕ ಪರೀಕ್ಷೆ, ಅಂದ್ರೆ ನಮ್ಮ ವೈವಾ.

ಎದುರಿಗೆ ನಾಸಾ, ನೌಕಾಪಡೆಯ ಎಂಜಿನಿಯರ್‌ಗಳು. ಲೇಸರ್ ರೀಡಿಂಗ್ ಯಾಕೆ ಸರಿಪಡಿಸಿದ್ರಿ, ಮೋಟರ್ ವೇಗ ಹೇಗೆ ನಿಯಂತ್ರಿಸ್ತೀರಿ ಅಂತ ಕೇಳ್ತಾ ಹೋದ್ರು. ನಾಲ್ವರೂ ಉತ್ತರ ಕೊಟ್ಟರು. ಯಾರೋ ಒಬ್ಬನ ಕೈಲಿ ಮಾಡಿಸಿ ಉಳಿದವರು ನಿಂತು ನೋಡಿದ ರೋಬೋ ಅಲ್ಲ ಅದು. ಪವರ್‌ಪಾಯಿಂಟ್ ಯಾಕಿಲ್ಲ ಅಂತ ಒಬ್ಬರು ಕೇಳಿದ್ದಕ್ಕೆ, ಏನು ಹೇಳಬೇಕು ಅಂತ ಗೊತ್ತಿಲ್ಲದೋರಿಗೆ ಅದು ಬೇಕಾಗೋದು ಅನ್ನೋ ಅರ್ಥದಲ್ಲಿ ಕ್ರಿಸ್ಟಿಯನ್ ಉತ್ತರಿಸಿದ. (ನಮ್ಮ ಸೆಮಿನಾರ್‌ಗಳು ನೆನಪಾದ್ವು. ಸ್ಲೈಡ್ ನೋಡ್ಕೊಂಡು ಓದೋ ನಾನೂ ಸೇರಿ.)

ಮನೆಯಲ್ಲಿ ಸ್ಪ್ಯಾನಿಷ್ ಮಾತಾಡೋ ಹುಡುಗರ ತಂಡಕ್ಕೆ ಸಿಕ್ಕ ಬಹುಮಾನಗಳಲ್ಲಿ ಒಂದು, ಅತ್ಯುತ್ತಮ ತಾಂತ್ರಿಕ ವರದಿಗೆ. ಇಂಗ್ಲಿಷಲ್ಲಿ ಬರೆದ ವರದಿಗೆ! ವಿನ್ಯಾಸಕ್ಕೂ ಒಂದು ಬಂತು. ಆಮೇಲೆ ಒಟ್ಟಾರೆ ಫಲಿತಾಂಶ: ಎರಡನೇ ಸ್ಥಾನ ಎಂಐಟಿ, ಮೊದಲನೇದು ಕಾರ್ಲ್ ಹೇಡನ್.

6/6

ಸಿನಿಮಾ ಆಗಿದ್ರೆ ಇಲ್ಲೇ ಮುಗಿಸಬಹುದಿತ್ತು.

2005ರ ಏಪ್ರಿಲ್‌ನಲ್ಲಿ ವೈರ್ಡ್ ಪತ್ರಿಕೆಯಲ್ಲಿ ಜೋಶುವಾ ಡೇವಿಸ್ ಇವರ ಬಗ್ಗೆ ದೊಡ್ಡ ಲೇಖನ ಬರೆದ್ರು. ಓದಿದವರು ಹುಡುಗರ ಓದಿಗೆ ಹಣ ಕಳಿಸಿದ್ರು. ಒಳ್ಳೇದಾಯ್ತು ಅಂತ ಅನ್ಕೊಳ್ಳುವಷ್ಟರಲ್ಲಿ 2006ರ ನವೆಂಬರ್. ಅರಿಜೋನಾದ ಮತದಾರರು 'ಪ್ರೊಪೊಸಿಷನ್ 300' ಅನ್ನೋದಕ್ಕೆ ಒಪ್ಪಿಗೆ ಕೊಟ್ಟರು. ಕಾಗದಪತ್ರ ಇಲ್ಲದ ವಿದ್ಯಾರ್ಥಿಗಳಿಗೆ ಇನ್ಮೇಲೆ ರಾಜ್ಯದವರ ಫೀಸ್ ಇಲ್ಲ, ಹೊರರಾಜ್ಯದವರ ಫೀಸ್. ರಾಜ್ಯದ ನೆರವೂ ಇಲ್ಲ. ಫೀಸ್ ಒಂದೇ ಏಟಿಗೆ ಹಲವು ಪಟ್ಟು ಏರಿತು.

ಕ್ರಿಸ್ಟಿಯನ್ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್‌ಗೆ ಸೇರಿದ್ದ. ಬಿಡಬೇಕಾಯ್ತು. ನೌಕಾಪಡೆ ಎಂಜಿನಿಯರ್‌ಗೆ ಮುಖಕ್ಕೆ ಮುಖ ಕೊಟ್ಟು ಉತ್ತರ ಹೇಳಿದ ಹುಡುಗ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ ಮಾಡಿದ.

ಆಸ್ಕರ್ ಕಷ್ಟಪಟ್ಟು 2009ರಲ್ಲಿ ಮೆಕ್ಯಾನಿಕಲ್ ಡಿಗ್ರಿ ಮುಗಿಸಿದ. ಆದ್ರೆ ಕಾಗದ ಇಲ್ಲದೆ ಎಂಜಿನಿಯರ್ ಕೆಲಸ ಯಾರು ಕೊಡ್ತಾರೆ? ಕಾನೂನು ಪ್ರಕಾರವೇ ಬರ್ತೀನಿ ಅಂತ ತಾನಾಗೇ ಮೆಕ್ಸಿಕೋಗೆ ವಾಪಸ್ ಹೋಗಿ ವೀಸಾ ಕೇಳಿದ. ಕೊಡಲಿಲ್ಲ, 10 ವರ್ಷ ನಿಷೇಧ ಹಾಕಿದ್ರು. ಹೆಂಡತಿ, ಮಗು ಅಮೆರಿಕದಲ್ಲಿ. ಸೆನೆಟರ್ ಡಿಕ್ ಡರ್ಬಿನ್ ಸೆನೆಟ್‌ನಲ್ಲೇ ಅವನ ಬಗ್ಗೆ ಮಾತಾಡಿದ ಮೇಲೆ 2010ರಲ್ಲಿ ನಿಷೇಧ ತೆಗೆದು ವೀಸಾ ಕೊಟ್ಟರು. ವಾಪಸ್ ಬಂದವನು ಮೊದಲು ಮಾಡಿದ ಕೆಲಸಗಳಲ್ಲಿ ಒಂದು ಏನು ಗೊತ್ತಾ? ಸೈನ್ಯಕ್ಕೆ ಸೇರಿದ್ದು. ಅಫ್ಘಾನಿಸ್ತಾನಕ್ಕೂ ಹೋಗಿಬಂದ.

ಲೊರೆಂಜೊ ಮತ್ತು ಲೂಯಿಸ್ ಅಡುಗೆ ಕಡೆ ಹೋದ್ರು, ಇಬ್ಬರೂ ಸೇರಿ ಕೇಟರಿಂಗ್ ಶುರು ಮಾಡಿದ್ರು. ಅದಕ್ಕೆ ಇಟ್ಟ ಸ್ಪ್ಯಾನಿಷ್ ಹೆಸರಿನ ಅರ್ಥ 'ಇಲ್ಲಿಯವರೂ ಅಲ್ಲ, ಅಲ್ಲಿಯವರೂ ಅಲ್ಲ'.

ಶಾಲೆಯ ರೋಬೋ ತಂಡ ನಿಲ್ಲಲಿಲ್ಲ. ಫಾಲ್ಕನ್ ರೋಬೋಟಿಕ್ಸ್ ಅನ್ನೋ ಹೆಸರಲ್ಲಿ ಮುಂದುವರಿದು, 2008ರಲ್ಲಿ ಫಸ್ಟ್ ರೋಬೋಟಿಕ್ಸ್‌ನ ಚೇರ್‌ಮನ್ಸ್ ಅವಾರ್ಡ್ ತಗೊಂಡಿತು. ಆ ಪ್ರಶಸ್ತಿ ರೋಬೋ ಎಷ್ಟು ಅಂಕ ಹೊಡೀತು ಅಂತ ನೋಡಿ ಕೊಡೋದಲ್ಲ. ತಂಡ ತನ್ನ ಸುತ್ತಲಿನವರಿಗೆ ಏನು ಕಲಿಸಿತು, ಏನು ಬದಲಾಯಿಸಿತು ಅಂತ ನೋಡಿ ಕೊಡೋದು.

ಫೀಸ್ ಕಾನೂನು ಬದಲಾಗೋಕೆ 16 ವರ್ಷ ಹಿಡೀತು. 2022ರ ನವೆಂಬರ್‌ನಲ್ಲಿ ಅರಿಜೋನಾ ಜನ 'ಪ್ರೊಪೊಸಿಷನ್ 308'ಕ್ಕೆ ಮತ ಹಾಕಿದ್ರು. ಅಲ್ಲಿನ ಹೈಸ್ಕೂಲಲ್ಲಿ ಎರಡು ವರ್ಷ ಓದಿ ಪಾಸಾದವರಿಗೆ, ಕಾಗದ ಇರಲಿ ಬಿಡಲಿ, ರಾಜ್ಯದವರ ಫೀಸೇ. ಅಷ್ಟೊತ್ತಿಗೆ ಕ್ರಿಸ್ಟಿಯನ್‌ಗೆ ಮೂವತ್ತು ದಾಟಿತ್ತು.