ಕರ್ನಾಟಕದಲ್ಲಿ ಹಾಲಿನ ಉತ್ಪಾದನೆ ಮತ್ತು ಬಳಕೆಯ ಪ್ರಾದೇಶಿಕ ಸ್ವರೂಪ

ಕರ್ನಾಟಕದಲ್ಲಿ ಹಾಲಿನ ಉತ್ಪಾದನೆಯು ರಾಜ್ಯದ ಎಲ್ಲ ಭಾಗಗಳಲ್ಲಿ ಒಂದೇ ತೆರನಾಗಿಲ್ಲ. ಸಹಕಾರ ಸಂಘಗಳಿಗೆ ಸೇರುವ ಹಾಲಿನ ಬಹುಪಾಲು ಬೆಂಗಳೂರು, ಕೋಲಾರ, ತುಮಕೂರು, ಹಾಸನ, ಮಂಡ್ಯ, ಮೈಸೂರು ಮೊದಲಾದ ದಕ್ಷಿಣದ ಜಿಲ್ಲೆಗಳಿಂದ ಬರುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಭಾಗದ ಸಂಗ್ರಹವು ಇದಕ್ಕೆ ಹೋಲಿಸಿದರೆ ಬಹಳ ಕಡಿಮೆ. ಕರಾವಳಿಯಲ್ಲಿ ಬೇಡಿಕೆಯು ಸ್ಥಳೀಯ ಉತ್ಪಾದನೆಯನ್ನು ಮೀರಿದೆ.

ಹಿನ್ನೆಲೆ

ಇಂದಿನ ಕರ್ನಾಟಕ ಹಾಲು ಮಹಾಮಂಡಳದ ವ್ಯಾಪ್ತಿಗೆ ಸೇರಿದ ಸಹಕಾರ ಸಂಘಗಳಲ್ಲಿ ಮೊದಲನೆಯದು 1955ರಲ್ಲಿ ಕೊಡಗಿನಲ್ಲಿ ಆರಂಭವಾಯಿತು. ವಿಶ್ವಬ್ಯಾಂಕಿನ ನೆರವಿನ ಯೋಜನೆಯನ್ನು ಜಾರಿಗೊಳಿಸಲು 1974ರಲ್ಲಿ ಕರ್ನಾಟಕ ಹೈನು ಅಭಿವೃದ್ಧಿ ನಿಗಮ ಸ್ಥಾಪನೆಗೊಂಡಿತು. ಮುಂದೆ ಇದೇ ಮಹಾಮಂಡಳವಾಗಿ ರೂಪುಗೊಂಡಿತು. 'ನಂದಿನಿ' ಇದರ ವಾಣಿಜ್ಯನಾಮ. ಯೋಜನೆಯ ಮೊದಲ ಹಂತವು ದಕ್ಷಿಣದ ಜಿಲ್ಲೆಗಳಿಗೆ ಸೀಮಿತವಾಗಿತ್ತು. ಉತ್ತರದ ಜಿಲ್ಲೆಗಳಿಗೆ ಶೀತಲೀಕರಣ ಕೇಂದ್ರ, ಕೃತಕ ಗರ್ಭಧಾರಣೆ, ಪಶುವೈದ್ಯ ಸೇವೆಗಳ ಜಾಲ ತಡವಾಗಿ ತಲುಪಿತು. ಇಂದಿನ ಅಂತರಕ್ಕೆ ಬರಗಾಲವನ್ನಷ್ಟೇ ಹೊಣೆ ಮಾಡುವುದು ಸರಿಯಲ್ಲ.

ದಕ್ಷಿಣದ ಜಿಲ್ಲೆಗಳು

ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಆದರೂ ಇವು ಹೈನುಗಾರಿಕೆಯಲ್ಲಿ ಮುಂಚೂಣಿಯಲ್ಲಿವೆ. ಮಳೆಯನ್ನು ನಂಬಿದ ಬೆಳೆ ಕೈಕೊಟ್ಟಾಗಲೂ ರೇಷ್ಮೆ ಮತ್ತು ಹಾಲು ಕುಟುಂಬದ ಕೈಯಲ್ಲಿ ಹಣ ಆಡುವಂತೆ ಮಾಡುತ್ತವೆ. ಬೆಂಗಳೂರಿನಂಥ ಮಾರುಕಟ್ಟೆ ಹತ್ತಿರದಲ್ಲಿರುವುದೂ ಅನುಕೂಲ. ಇಲ್ಲಿನ ಹಸುಗಳಲ್ಲಿ ಹೆಚ್ಚಿನವು ಹಾಲ್‌ಸ್ಟೈನ್ ಫ್ರೀಸಿಯನ್ ಮಿಶ್ರತಳಿಗಳು. ರಾಗಿ ಹುಲ್ಲಿನ ಜೊತೆಗೆ ಮುಸುಕಿನ ಜೋಳ, ನೇಪಿಯರ್ ಮುಂತಾದ ಹಸಿಮೇವು ಇವಕ್ಕೆ ಅಗತ್ಯ. ಈ ಮೇವು ಬೆಳೆಯುವುದು ಕೊಳವೆಬಾವಿಯ ನೀರಿನಿಂದ. ಅನೇಕ ಕಡೆ ಬಾವಿಗಳ ಆಳ ಸಾವಿರ ಅಡಿಯನ್ನು ದಾಟಿದೆ. ನೀರಿಲ್ಲದ ನಾಡು ತನ್ನ ಅಂತರ್ಜಲವನ್ನೇ ಹಾಲಿನ ರೂಪದಲ್ಲಿ ನಗರಕ್ಕೆ ಕಳುಹಿಸುತ್ತಿದೆ ಎಂದರೆ ತಪ್ಪಾಗದು.

ಉತ್ತರ ಕರ್ನಾಟಕ

ಖಿಲಾರಿ, ಕೃಷ್ಣಾ ಕಣಿವೆ ಮೊದಲಾದ ಇಲ್ಲಿನ ದೇಶಿ ತಳಿಗಳು ಮುಖ್ಯವಾಗಿ ಉಳುಮೆಗೆ ಹೆಸರಾದವು. ಹಾಲಿಗೆ ಎಮ್ಮೆಯೇ ಆಧಾರ, ಮೇವಿಗೆ ಜೋಳದ ಕಣಿಕೆ. ಎಮ್ಮೆಯ ಹಾಲಿನಲ್ಲಿ ಕೊಬ್ಬಿನಂಶ ಹೆಚ್ಚಿರುವುದರಿಂದ ಖೋವಾ ತಯಾರಿಕೆಗೆ ಅದು ಶ್ರೇಷ್ಠ. ಧಾರವಾಡದ ಪೇಡ, ಬೆಳಗಾವಿಯ ಕುಂದಾ ಇದರ ಫಲ. ಧಾರವಾಡ ಪೇಡಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ. ಗವಳಿಗರು ಮನೆಮನೆಗೆ ಹಾಕುವ ಹಾಲು ಹಾಗೂ ಮಿಠಾಯಿ ಅಂಗಡಿಗಳಿಗೆ ಹೋಗುವ ಹಾಲು ಸಹಕಾರ ಸಂಘಗಳ ಲೆಕ್ಕಕ್ಕೆ ಸೇರುವುದಿಲ್ಲ. ಆದ್ದರಿಂದ ಸಂಗ್ರಹದ ಅಂಕಿಗಳನ್ನೇ ಉತ್ಪಾದನೆಯೆಂದು ಭಾವಿಸಬಾರದು.

ಮಲೆನಾಡು ಮತ್ತು ಕರಾವಳಿ

ಮಲೆನಾಡು ಗಿಡ್ಡ ತಳಿಯು ಭಾರಿ ಮಳೆಯನ್ನು ತಾಳಿಕೊಳ್ಳುತ್ತದೆ, ಆದರೆ ಹಾಲು ಅಲ್ಪ. ಅಡಿಕೆ ತೋಟದ ಕೃಷಿಕರು ದನ ಸಾಕಲು ಗೊಬ್ಬರವೂ ಒಂದು ಮುಖ್ಯ ಕಾರಣ.

ಬಳಕೆ ಮತ್ತು ಸರ್ಕಾರದ ಯೋಜನೆಗಳು

2023–24ರಲ್ಲಿ ಭಾರತದ ತಲಾ ಹಾಲಿನ ಲಭ್ಯತೆ ದಿನಕ್ಕೆ 471 ಗ್ರಾಂ ಇತ್ತು. ಈ ಸರಾಸರಿಯು ಊರೂರಿನ, ಮನೆಮನೆಯ ಅಂತರವನ್ನು ತೋರಿಸುವುದಿಲ್ಲ. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಶಾಲಾಮಕ್ಕಳಿಗೆ ಹಾಲಿನ ಪುಡಿಯಿಂದ ತಯಾರಿಸಿದ 150 ಮಿಲಿಲೀಟರ್ ಹಾಲನ್ನು ನೀಡಲಾಗುತ್ತದೆ. ಹೆಚ್ಚುವರಿ ಹಾಲಿಗೆ ಇದರಿಂದ ದಾರಿ ಸಿಕ್ಕಿತು. ಉತ್ಪಾದನೆ ಕಡಿಮೆಯಿರುವ ಜಿಲ್ಲೆಗಳ ಮಕ್ಕಳಿಗೂ ಹಾಲು ತಲುಪಿತು.

2022ರಲ್ಲಿ ಹರಡಿದ ಚರ್ಮಗಂಟು ರೋಗದಿಂದ ರೈತರು ನಷ್ಟ ಅನುಭವಿಸಿದರು. 2024ರಲ್ಲಿ ಮಹಾಮಂಡಳದ ದಿನದ ಸಂಗ್ರಹವು ಒಂದು ಕೋಟಿ ಲೀಟರನ್ನು ದಾಟಿತು. ಸರ್ಕಾರವು ಉತ್ಪಾದಕರಿಗೆ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ನೀಡುತ್ತಿದೆ. ಇದು ಸಂಘಕ್ಕೆ ಹಾಕಿದ ಹಾಲಿಗೆ ಮಾತ್ರ ದೊರೆಯುವುದರಿಂದ ಹೆಚ್ಚಿನ ಹಣ ದಕ್ಷಿಣದ ಜಿಲ್ಲೆಗಳಿಗೇ ಸಲ್ಲುತ್ತದೆ. ಸಂಘದ ಹೊರಗೆ ಹಾಲು ಮಾರುವ ಗವಳಿಗರಿಗೆ ಇದರ ಪ್ರಯೋಜನವಿಲ್ಲ.