ತಾಟೆ, ತೊರಕೆ ಮೀನುಗಾರಿಕೆ: ಎಷ್ಟು ಹಿಡಿದರೆ ಉಳಿದೀತು?

2020ರ ಅಕ್ಟೋಬರ್‌ನಲ್ಲಿ ಮಲ್ಪೆ ಬಂದರಿಗೆ ಎರಡು ಭಾರೀ ತೊರಕೆ ಮೀನುಗಳು ಬಂದವು. ಒಂದರ ತೂಕ ಸುಮಾರು 750 ಕಿಲೋ, ಇನ್ನೊಂದರದ್ದು 250 ಕಿಲೋ. ಕ್ರೇನಿನಿಂದ ಎತ್ತುವ ಚಿತ್ರ ಪತ್ರಿಕೆಗಳಲ್ಲಿ ಬಂತು, ಎಲ್ಲರ ಮೊಬೈಲ್‌ಗಳಲ್ಲೂ ಓಡಾಡಿತು. ಮುಂದಿನ ವರ್ಷ ಮಾರ್ಚ್‌ನಲ್ಲಿ ಅದೇ ಬಂದರಿಗೆ ಸುಮಾರು 250 ಕಿಲೋ ತೂಕದ ಗರಗಸ ಮೀನು ಬಂದಾಗಲೂ ಹೀಗೆಯೇ ಆಯಿತು. ತೂಕ ಎಷ್ಟು, ಬೆಲೆ ಎಷ್ಟು ಎಂದು ಎಲ್ಲರೂ ಕೇಳಿದರು. ಸಮುದ್ರದಲ್ಲಿ ಇಂಥವು ಇನ್ನೆಷ್ಟು ಉಳಿದಿವೆ ಎಂದು ಕೇಳಿದವರು ಕಡಿಮೆ.

ಈ ಪ್ರಶ್ನೆಗೆ ಉತ್ತರ ಹುಡುಕುವ ವಿಧಾನವನ್ನು ಕರಾವಳಿಯ ಧರ್ಮಕೇಂದ್ರಗಳಲ್ಲಿ ಸೇವೆ ಸಲ್ಲಿಸುವವರಿಗೆ ತಿಳಿಸುವುದು ಈ ಲೇಖನದ ಉದ್ದೇಶ. ಮೀನುಗಾರ ಕುಟುಂಬಗಳ ನಡುವೆ ಕೆಲಸ ಮಾಡುವವರಿಗೆ ಇದು ಪರಿಸರದ ವಿಷಯವಾಗಿರುವಷ್ಟೇ ಅನ್ನದ ವಿಷಯವೂ ಆಗಿದೆ.

ಬೂತಾಯಿಯ ಲೆಕ್ಕ ಬೇರೆ, ತಾಟೆಯ ಲೆಕ್ಕ ಬೇರೆ

ಬೂತಾಯಿ ಹುಟ್ಟಿದ ಒಂದು ವರ್ಷದೊಳಗೆ ಬೆಳೆದು ಹತ್ತಾರು ಸಾವಿರ ಮೊಟ್ಟೆ ಇಡುತ್ತದೆ. ಒಂದೆರಡು ವರ್ಷ ಬರ ಬಂದರೂ ಮತ್ತೆ ತುಂಬಿ ಬರುವ ಶಕ್ತಿ ಅದಕ್ಕಿದೆ. ಶಾರ್ಕ್, ಅಂದರೆ ನಮ್ಮ ತಾಟೆ, ಹಾಗೂ ತೊರಕೆ ಹಾಗಲ್ಲ. ಇವುಗಳ ದೇಹದಲ್ಲಿ ಎಲುಬಿಲ್ಲ, ಮೃದ್ವಸ್ಥಿ ಮಾತ್ರ. ನಮ್ಮ ಕಡಲಿನ ಹೆಚ್ಚಿನ ಜಾತಿಗಳು ಮರಿ ಹಾಕುತ್ತವೆ. ಸುತ್ತಿಗೆ ತಲೆಯ ಶಾರ್ಕ್ ಸುಮಾರು ಒಂದು ವರ್ಷ ಗರ್ಭ ಹೊತ್ತು ಕೆಲವು ಹತ್ತು ಮರಿಗಳನ್ನು ಹಾಕಬಹುದು. ಮಾಂಟಾ ಜಾತಿಯ ತೊರಕೆಗೆ ಒಂದು ಬಸಿರಿಗೆ ಸಾಮಾನ್ಯವಾಗಿ ಒಂದೇ ಮರಿ, ಅದೂ ಪ್ರತಿ ವರ್ಷ ಅಲ್ಲ. ದೊಡ್ಡ ಜಾತಿಗಳು ಮರಿ ಹಾಕುವ ವಯಸ್ಸಿಗೆ ಬರಲು ಹತ್ತು ವರ್ಷ, ಕೆಲವಕ್ಕೆ ಇನ್ನೂ ಹೆಚ್ಚು ಬೇಕು. ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ ಇಲ್ಲಿ ಬಡ್ಡಿ ಬಹಳ ಕಡಿಮೆ. ಸ್ವಲ್ಪ ಹೆಚ್ಚು ತೆಗೆದರೂ ಅಸಲಿಗೇ ಕೈ ಹಾಕಿದಂತೆ.

2021ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನಗಳ ಪ್ರಕಾರ, ಶಾರ್ಕ್, ತೊರಕೆ ಮತ್ತು ಅವುಗಳ ಹತ್ತಿರದ ಬಳಗದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜಾತಿಗಳು ಅಳಿವಿನ ಅಪಾಯದಲ್ಲಿವೆ. ವಿಶಾಲ ಸಾಗರದಲ್ಲಿ ಸಂಚರಿಸುವ ಜಾತಿಗಳ ಸಂಖ್ಯೆ 1970ರಿಂದೀಚೆಗೆ ಸುಮಾರು 71 ಶೇಕಡಾ ಕುಸಿದಿದೆ. ಮುಖ್ಯ ಕಾರಣ ಅತಿಯಾದ ಮೀನುಗಾರಿಕೆ.

ಒಂದೇ ಬುಟ್ಟಿಯ ಮೋಸ

ಹರಾಜಿನ ಕಟ್ಟೆಯಲ್ಲಿ ಒಂದು ಬುಟ್ಟಿ ಸಣ್ಣ ತಾಟೆ ಇದೆ ಎಂದುಕೊಳ್ಳಿ. ಎಲ್ಲವೂ ಹೆಚ್ಚು ಕಡಿಮೆ ಒಂದೂವರೆ ಅಡಿ ಉದ್ದ. ಅವುಗಳಲ್ಲಿ ಕೆಲವು, ಸಲಿಕೆಯಂತೆ ಚಪ್ಪಟೆ ಮೂತಿಯ ಸಣ್ಣ ಜಾತಿಯವು. ಅದು ಒಂದೆರಡು ವರ್ಷದಲ್ಲೇ ಪ್ರಾಯಕ್ಕೆ ಬರುತ್ತದೆ. ಒಂದೂವರೆ ಅಡಿಯ ಹೊತ್ತಿಗೆ ಆಗಲೇ ಮರಿ ಹಾಕಿರಬಹುದು. ಅದರ ಪಕ್ಕದಲ್ಲೇ ಅಷ್ಟೇ ಉದ್ದದ ಸುತ್ತಿಗೆ ತಲೆಯ ಶಾರ್ಕ್ ಇರುತ್ತದೆ. ಅದು ಹುಟ್ಟುವಾಗಲೇ ಅಷ್ಟು ಉದ್ದ! ಅಂದರೆ ಒಂದು ಅಜ್ಜಿ, ಇನ್ನೊಂದು ಕಳೆದ ವಾರ ಹುಟ್ಟಿದ ಕೂಸು. ಚೀಟಿಯಲ್ಲಿ ಎರಡಕ್ಕೂ ಒಂದೇ ಹೆಸರು, ಒಂದೇ ದರ.

ಆದುದರಿಂದಲೇ 'ತಾಟೆ ಇಷ್ಟು ಟನ್' ಎಂಬ ಒಟ್ಟು ಲೆಕ್ಕವನ್ನು ನಂಬಿ ತೀರ್ಮಾನಕ್ಕೆ ಬರುವಂತಿಲ್ಲ. ದೊಡ್ಡ ಜಾತಿಗಳು ಮುಗಿಯುತ್ತಾ ಬಂದಂತೆ ಸಣ್ಣ ಜಾತಿಗಳು ಬುಟ್ಟಿ ತುಂಬುತ್ತವೆ, ಒಟ್ಟು ತೂಕ ಹಾಗೆಯೇ ಕಾಣುತ್ತದೆ. ಬ್ರಿಟನ್ ಸುತ್ತಲಿನ ಕಡಲಲ್ಲಿ ತೊರಕೆಯ ಬಳಗಕ್ಕೆ ಆದದ್ದು ಇದೇ.

ವಿಜ್ಞಾನಿಗಳು ಮೌಲ್ಯಮಾಪನ ಮಾಡುವಾಗ ನೋಡುವುದು ಜಾತಿವಾರು ಲೆಕ್ಕ, ಮೀನಿನ ಉದ್ದ, ಗಂಡೋ ಹೆಣ್ಣೋ, ಹೊಟ್ಟೆಯಲ್ಲಿ ಮರಿ ಇದೆಯೇ ಎಂಬುದನ್ನು. ಅದಕ್ಕಿಂತ ಮುಖ್ಯವಾದುದು ಶ್ರಮದ ಲೆಕ್ಕ. ಹಿಂದೆ ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದ ಬೋಟುಗಳು ಇಂದು ವಾರಗಟ್ಟಲೆ ಆಳ ಸಮುದ್ರದಲ್ಲಿರುತ್ತವೆ. ಎಂಜಿನ್ ದೊಡ್ಡದು, ಬಲೆ ದೊಡ್ಡದು, ಡೀಸೆಲ್ ಹೆಚ್ಚು. ಇಷ್ಟೆಲ್ಲ ಮಾಡಿಯೂ ಮೀನು ಮೊದಲಿನಷ್ಟೇ ಬಂದರೆ ಅದು ಇಳಿಕೆಯೇ. ಈ ಲೆಕ್ಕ ಯಾವ ತಂಡೇಲನಿಗೂ ಹೊಸತಲ್ಲ. ಬರೆದಿಡುವವರಿಲ್ಲ ಅಷ್ಟೆ.

ಒಂದೇ ಬಲೆ, ಎರಡು ಹಣೆಬರಹ

ಹಾಗಾದರೆ ಶಾರ್ಕ್ ಹಿಡಿಯುವುದೇ ತಪ್ಪೇ? ಅಲ್ಲ. ಮೆಲ್ಬರ್ನ್‌ನಲ್ಲಿ ನೆಲೆಸಿರುವ ನಮ್ಮ ಊರಿನವರು ಅಲ್ಲಿನ ಅಂಗಡಿಗಳಲ್ಲಿ ಆಲೂಗಡ್ಡೆ ಚಿಪ್ಸ್ ಜೊತೆ ತಿನ್ನುವ 'ಫ್ಲೇಕ್' ಹೆಚ್ಚಾಗಿ ಗಮ್ಮಿ ಶಾರ್ಕ್ ಎಂಬ ಮೀನಿನ ಮಾಂಸ. ದಕ್ಷಿಣ ಆಸ್ಟ್ರೇಲಿಯಾದ ಕಡಲಲ್ಲಿ ಅದನ್ನು ದಶಕಗಳಿಂದ ಹಿಡಿಯುತ್ತಿದ್ದಾರೆ, ಮೀನು ಉಳಿದಿದೆ. ಅಲ್ಲಿನ ಕಂತಬಲೆಯ ಕಣ್ಣು ಆರರಿಂದ ಆರೂವರೆ ಅಂಗುಲ. ಮರಿಗಳು ನುಸುಳಿ ಹೋಗುತ್ತವೆ, ಮಧ್ಯಮ ಗಾತ್ರದವು ಸಿಕ್ಕಿಬೀಳುತ್ತವೆ, ದೊಡ್ಡ ತಾಯಿ ಮೀನಿನ ತಲೆ ಕಣ್ಣಿನೊಳಗೆ ಹೋಗುವುದೇ ಇಲ್ಲ. ಅದರ ಮೇಲೆ ವರ್ಷಕ್ಕೆ ಇಷ್ಟೇ ಎಂಬ ಮಿತಿಯೂ ಇದೆ.

ಆದರೆ ಅದೇ ಕಡಲಿನಲ್ಲಿ, ಅದೇ ಬಲೆಗೆ ಸ್ಕೂಲ್ ಶಾರ್ಕ್ ಎಂಬ ಇನ್ನೊಂದು ಜಾತಿಯೂ ಬೀಳುತ್ತದೆ. ಅದು ಐವತ್ತು ವರ್ಷದವರೆಗೂ ಬದುಕಬಲ್ಲದು, ತಡವಾಗಿ ಪ್ರಾಯಕ್ಕೆ ಬರುತ್ತದೆ, ಹಲವು ವರ್ಷಕ್ಕೊಮ್ಮೆ ಮರಿ ಹಾಕುತ್ತದೆ. ಅದು ಕುಸಿದುಹೋಯಿತು. 2020ರಲ್ಲಿ ಅದನ್ನು ವಿಶ್ವ ಮಟ್ಟದಲ್ಲಿ ತೀವ್ರ ಅಪಾಯದಲ್ಲಿರುವ ಜಾತಿಯೆಂದು ಗುರುತಿಸಲಾಯಿತು. ಬೆಸ್ತರು ಅವರೇ, ಕಾನೂನೂ ಅದೇ. ವ್ಯತ್ಯಾಸ ಇದ್ದುದು ಮೀನಿನ ಬದುಕಿನ ವೇಗದಲ್ಲಿ.

ನಮ್ಮ ದೇಶದಲ್ಲಿ

1999ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಶಾರ್ಕ್ ಸಂರಕ್ಷಣೆಗೆ ಕಾರ್ಯಯೋಜನೆ ರೂಪಿಸಿತು. 2001ರ ಮೇ ತಿಂಗಳಲ್ಲಿ ಭಾರತ ಸರಕಾರ ತಿಮಿಂಗಿಲ ಶಾರ್ಕನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪಟ್ಟಿಗೆ ಸೇರಿಸಿತು. ಎರಡೇ ತಿಂಗಳಲ್ಲಿ ಎಲ್ಲ ಶಾರ್ಕ್, ತೊರಕೆಗಳನ್ನೂ ಒಟ್ಟಿಗೆ ಸೇರಿಸಿಬಿಟ್ಟಿತು. ಒಂದು ಸಹಿಯಿಂದ ಸಾವಿರಾರು ಕುಟುಂಬಗಳ ಕಸುಬು ಅಪರಾಧವಾಯಿತು. ಕನ್ಯಾಕುಮಾರಿ ಜಿಲ್ಲೆಯ ತೂತ್ತೂರು ಸುತ್ತಲಿನ ಕಥೋಲಿಕ ಮೀನುಗಾರರು ಗಾಳ ಹಾಕಿ ಆಳ ಸಮುದ್ರದ ಶಾರ್ಕ್ ಹಿಡಿಯುವುದರಲ್ಲಿ ದೇಶದಲ್ಲೇ ಹೆಸರಾದವರು. ಅಂಥವರಿಗೆ ಇದು ಎಂಥ ಹೊಡೆತ ಎಂದು ಹೇಳಬೇಕಾಗಿಲ್ಲ. ವಿರೋಧ ಬಂದ ಮೇಲೆ ಅದೇ ಡಿಸೆಂಬರ್‌ನಲ್ಲಿ ಪಟ್ಟಿಯನ್ನು ಹತ್ತು ಜಾತಿಗಳಿಗೆ ಇಳಿಸಲಾಯಿತು. ಗರಗಸ ಮೀನುಗಳು ಆ ಹತ್ತರಲ್ಲಿ ಉಳಿದವು. ಜಾತಿವಾರು ಲೆಕ್ಕವಿಲ್ಲದೆ ಕಾನೂನು ಮಾಡಿದರೆ ಬಡವನ ಮೇಲೆ ಬೀಳುತ್ತದೆ, ಮೀನಿಗೂ ಉಪಕಾರವಾಗುವುದಿಲ್ಲ ಎಂಬುದು ಈ ಲೇಖಕನ ಅಭಿಪ್ರಾಯ.

2015ರ ಫೆಬ್ರವರಿಯಲ್ಲಿ ಶಾರ್ಕ್ ರೆಕ್ಕೆಗಳ ರಫ್ತನ್ನು ಪೂರ್ಣ ನಿಷೇಧಿಸಲಾಯಿತು. ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ರಕ್ಷಿತ ಜಾತಿಗಳ ಪಟ್ಟಿ ಉದ್ದವಾಗಿದೆ. ಹಳೆಯ ಹತ್ತು ಹೆಸರುಗಳನ್ನಷ್ಟೇ ನೆನಪಿಟ್ಟುಕೊಂಡಿರುವ ಬೋಟಿನವರಿಗೆ ಇದನ್ನು ತಿಳಿಸುವುದು ತುರ್ತು ಕೆಲಸ.

ಗುಜರಾತಿನಲ್ಲಿ ನಡೆದದ್ದು ಚರ್ಚಿನ ಸೇವಕರು ಗಮನಿಸಬೇಕಾದ ಸಂಗತಿ. ವೆರಾವಲ್ ಕಡೆ ತಿಮಿಂಗಿಲ ಶಾರ್ಕಿನ ಬೇಟೆ ಜೋರಾಗಿತ್ತು. 2004ರಲ್ಲಿ ಆರಂಭವಾದ ಅಭಿಯಾನದಲ್ಲಿ ಕಥಾಪ್ರವಚನಕಾರ ಮೊರಾರಿ ಬಾಪು ಅವರು ಆ ಮೀನನ್ನು ಹೆರಿಗೆಗೆ ತವರಿಗೆ ಬರುವ ಮಗಳಿಗೆ ಹೋಲಿಸಿದರು. ಬಲೆ ಕತ್ತರಿಸಿ ಮೀನನ್ನು ಬಿಟ್ಟವರಿಗೆ ಅರಣ್ಯ ಇಲಾಖೆ ಬಲೆಯ ನಷ್ಟ ಪರಿಹಾರ ಕೊಟ್ಟಿತು. ನೂರಾರು ಮೀನುಗಳು ಮರಳಿ ಕಡಲಿಗೆ ಹೋದವು. ಪ್ರವಚನ ಒಂದರಿಂದಲೇ ಆಗುತ್ತಿರಲಿಲ್ಲ, ಪರಿಹಾರ ಒಂದರಿಂದಲೂ ಆಗುತ್ತಿರಲಿಲ್ಲ.

ನಮ್ಮಲ್ಲಿ

ನಮ್ಮ ಕರಾವಳಿಯಲ್ಲಿ ತಾಟೆ, ತೊರಕೆ ಹೆಚ್ಚಾಗಿ ಬೇರೆ ಮೀನಿಗೆ ಹಾಕಿದ ಬಲೆಗೆ ಬೀಳುತ್ತವೆ. ಆದುದರಿಂದ 'ಹಿಡಿಯಬೇಡಿ' ಎಂಬ ಬುದ್ಧಿಮಾತಿಗೆ ಅರ್ಥವಿಲ್ಲ. ಜೀವಂತ ಬಂದ ತೊರಕೆಯನ್ನು, ಬಸಿರಾದ ತಾಯಿಯನ್ನು ಬಿಡಬಹುದು. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕಾ ರಜೆಯೂ ಸ್ವಲ್ಪ ನೆರವಾಗುತ್ತದೆ. ದಿವಂಗತ ಪೋಪ್ ಫ್ರಾನ್ಸಿಸ್ ಅವರು 2015ರ 'ಲಾವ್ದಾತೊ ಸಿ' ವಿಶ್ವಪತ್ರದಲ್ಲಿ ಅನಿಯಂತ್ರಿತ ಮೀನುಗಾರಿಕೆಯ ಬಗ್ಗೆ ಎಚ್ಚರಿಸಿದ್ದನ್ನು ತಪಸ್ಸುಕಾಲದ ಪ್ರಬೋಧನೆಗಳಲ್ಲಿ ಬಳಸಿಕೊಳ್ಳಬಹುದು. ಶುಕ್ರವಾರಗಳಂದು ಮಾಂಸ ಬಿಟ್ಟು ಮೀನು ಕೊಳ್ಳುವ ಕಾಲವಲ್ಲವೇ ಅದು?

ಮನೆಯ ತಾಯಂದಿರಿಗೆ ಒಂದು ಮಾತು. ಬಾಣಂತಿಗೆ ಹಾಲು ಹೆಚ್ಚುತ್ತದೆ ಎಂದು ಮರಿ ತಾಟೆಯನ್ನೇ ಹುಡುಕಿ ತರುವ ರೂಢಿ ಇದೆ. ಆ ಮರಿ ಯಾವ ಜಾತಿಯದ್ದು ಎಂದು ಮಾರುವವರನ್ನು ಕೇಳಿ. ದೊಡ್ಡ ಶಾರ್ಕಿನ ಮಾಂಸದಲ್ಲಿ ಪಾದರಸ ಸೇರಿಕೊಳ್ಳುವುದರಿಂದ ಗರ್ಭಿಣಿಯರು, ಬಾಣಂತಿಯರು ಅದನ್ನು ತಿನ್ನದಿರುವುದು ಕ್ಷೇಮ.

ಬಂದರಿನ ಹತ್ತಿರದ ಧರ್ಮಕೇಂದ್ರಗಳ ಯುವಜನರು ಒಂದು ನೋಟ್‌ಬುಕ್ ಇಟ್ಟರೂ ಸಾಕು: ದಿನಾಂಕ, ಬೋಟು ಎಷ್ಟು ದಿನ ಕಡಲಲ್ಲಿತ್ತು, ಯಾವ ಬಲೆ, ಮೀನಿನ ಹೆಸರು ಮತ್ತು ಫೋಟೊ, ಮೂತಿಯಿಂದ ಬಾಲದವರೆಗಿನ ಉದ್ದ, ಹೆಣ್ಣಾದರೆ ಮರಿ ಇತ್ತೇ. ಗಂಡಿಗೆ ಹೊಟ್ಟೆಯಡಿಯ ರೆಕ್ಕೆಗಳ ಬಳಿ ಎರಡು ಕಡ್ಡಿಯಂಥ ಅಂಗಗಳಿರುತ್ತವೆ, ಗುರುತಿಸುವುದು ಕಷ್ಟವಲ್ಲ. ಮಂಗಳೂರಿನಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಪುಸ್ತಕ ತುಂಬಿದಾಗ ಅಲ್ಲಿಗೆ ಒಯ್ದು ತೋರಿಸಬಹುದು.