ಅಳಿಯದ ಶಾಖೆ: ಕೋರ್ ಬ್ಯಾಂಕಿಂಗ್ ತಂತ್ರಾಂಶದ ಚರಿತ್ರೆಯಲ್ಲೊಂದು ತಪ್ಪು ಓದು

ಕೋರ್ ಬ್ಯಾಂಕಿಂಗ್ ಬಂದ ಮೇಲೆ ಗ್ರಾಹಕ ಶಾಖೆಯವನಾಗಿ ಉಳಿಯಲಿಲ್ಲ, ಬ್ಯಾಂಕಿನವನಾದ ಎಂಬ ಮಾತು ನಮ್ಮ ಬ್ಯಾಂಕಿಂಗ್ ಬರಹಗಳಲ್ಲಿ ಎಷ್ಟು ಸಲ ಬಂದಿದೆಯೆಂದರೆ, ಅದಕ್ಕೆ ಆಧಾರ ಕೇಳುವ ರೂಢಿಯೇ ಹೋಗಿದೆ. ಬಡ್ತಿ ಪರೀಕ್ಷೆಯ ಕೈಪಿಡಿಯಲ್ಲಿ ಆ ಮಾತು ಇದ್ದರೆ ಇರಲಿ. ಚರಿತ್ರೆ ಬರೆಯುವವರೂ ಅದನ್ನೇ ತೀರ್ಮಾನವಾಗಿ ಇಟ್ಟುಕೊಂಡು ಮುಂದೆ ಹೋಗುವುದನ್ನು ಒಪ್ಪಲಾಗದು. ಅದರ ಬೆನ್ನಿಗೇ ಇನ್ನೊಂದು ವಾದ ಬರುತ್ತದೆ: ಹಳೆಯ ತಂತ್ರಾಂಶದ ದೋಷಗಳಿಗೆಲ್ಲ ಕೋಬಾಲ್ ಮತ್ತು ಮೇನ್‌ಫ್ರೇಮ್ ಕಾರಣ ಎಂದು. ಇದು ಅಮೆರಿಕ, ಬ್ರಿಟನ್ನಿನ ಬ್ಯಾಂಕುಗಳ ಕಥೆ. ನಮ್ಮ ಸರ್ಕಾರಿ ಬ್ಯಾಂಕುಗಳಲ್ಲಿ ಹೆಚ್ಚಾಗಿ ಕಾಣುವ ಫಿನಾಕಲ್, ಫ್ಲೆಕ್ಸ್‌ಕ್ಯೂಬ್‌ಗಳು ಆರಕಲ್ ಡೇಟಾಬೇಸಿನ ಮೇಲೆ ನಿಂತವು. ಅವುಗಳ ಮಿತಿಯನ್ನು ಕೋಬಾಲ್ ತಲೆಗೆ ಕಟ್ಟುವವರು ಎರವಲು ಚರಿತ್ರೆಯನ್ನು ನಮ್ಮದೆಂದು ಓದುತ್ತಿದ್ದಾರೆ.

ನನ್ನ ವಾದ ಇಷ್ಟು: ನಮ್ಮ ಕೋರ್ ಬ್ಯಾಂಕಿಂಗ್ ತಂತ್ರಾಂಶ ಶಾಖೆಯ ಲೆಡ್ಜರನ್ನು ಅಳಿಸಲಿಲ್ಲ. ಸಾವಿರಾರು ಶಾಖೆಗಳ ಲೆಡ್ಜರುಗಳನ್ನು ಒಂದೇ ಯಂತ್ರದೊಳಗೆ ತಂದು ಸಾಲಾಗಿ ಜೋಡಿಸಿತು. ಅದರ ದೊಡ್ಡ ದೌರ್ಬಲ್ಯಗಳು ಹುಟ್ಟಿದ್ದು ಈ ಜೋಡಣೆಯಿಂದ.

ಇದಕ್ಕೆ ಮೊದಲ ಆಧಾರ ಯಾರೂ ತೆರೆದು ನೋಡದ ಒಂದು ವರದಿಯಲ್ಲಿದೆ. ರಿಸರ್ವ್ ಬ್ಯಾಂಕಿನ ಡೆಪ್ಯುಟಿ ಗವರ್ನರ್ ಆಗಿದ್ದ ಸಿ. ರಂಗರಾಜನ್ ಅಧ್ಯಕ್ಷತೆಯ ಸಮಿತಿ 1984ರಲ್ಲಿ ಕೊಟ್ಟ ವರದಿಯನ್ನು 'ಗಣಕೀಕರಣದ ಆರಂಭ' ಎಂದು ಒಂದು ಸಾಲಿನಲ್ಲಿ ಮುಗಿಸುವುದು ವಾಡಿಕೆ. ಅದು ಹಾಕಿಕೊಟ್ಟ ಮೂರು ಹಂತಗಳನ್ನು ಗಮನಿಸಬೇಕು: ಶಾಖೆಯಲ್ಲಿ ಲೆಡ್ಜರ್ ಪೋಸ್ಟಿಂಗ್ ಯಂತ್ರ, ಪ್ರಾದೇಶಿಕ ಕಚೇರಿಯಲ್ಲಿ ಮಿನಿ ಕಂಪ್ಯೂಟರ್, ಪ್ರಧಾನ ಕಚೇರಿಯಲ್ಲಿ ಮೇನ್‌ಫ್ರೇಮ್. ಖಾತೆ ಇದ್ದದ್ದು ಶಾಖೆಯಲ್ಲಿ, ಮೇಲಕ್ಕೆ ಹೋಗುತ್ತಿದ್ದದ್ದು ಮೊತ್ತಗಳು ಮಾತ್ರ. 1989ರ ಎರಡನೆಯ ವರದಿಯ ನಂತರ, 1993ರಲ್ಲಿ ನೌಕರರ ಸಂಘಗಳೊಡನೆ ಒಪ್ಪಂದವಾದ ಮೇಲೆ, ಶಾಖೆಗೊಂದು ಸರ್ವರ್, ಶಾಖೆಗೊಂದು ಡೇಟಾಬೇಸ್ ಬಂದವು. ಪಶ್ಚಿಮದ ದೊಡ್ಡ ಬ್ಯಾಂಕುಗಳಲ್ಲಿ ಕೇಂದ್ರದ ಯಂತ್ರ ಮೊದಲು, ಶಾಖೆಯ ಟರ್ಮಿನಲ್ ಆಮೇಲೆ. ನಮ್ಮಲ್ಲಿ ಶಾಖೆ ಮೊದಲು, ಕೇಂದ್ರ ಆಮೇಲೆ. (ಸಂಘಗಳ ವಿರೋಧದಿಂದ ಕೆಲಸ ತಡವಾಯಿತೆಂದು ಬರೆದು ಕೈತೊಳೆದುಕೊಳ್ಳುವವರು ಈ ಕ್ರಮವನ್ನು ನೋಡಿಯೇ ಇಲ್ಲ. ತಡವಾದದ್ದಕ್ಕಿಂತ ಯಾವ ಕ್ರಮದಲ್ಲಿ ಬಂತು ಎಂಬುದೇ ಇಲ್ಲಿ ಮುಖ್ಯ.)

ಈಗ ವಿವಾದದ ಸಾಕ್ಷ್ಯಕ್ಕೆ ಬರೋಣ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. 2019ರ ಆಗಸ್ಟ್ 30ರಂದು ವಿಲೀನಗಳನ್ನು ಪ್ರಕಟಿಸಿದಾಗ, ಕೂಡುವ ಬ್ಯಾಂಕುಗಳಲ್ಲಿ ಒಂದೇ ಕೋರ್ ಬ್ಯಾಂಕಿಂಗ್ ತಂತ್ರಾಂಶವಿದೆ ಎಂಬುದನ್ನು ಕೇಂದ್ರ ಸರ್ಕಾರ ಅನುಕೂಲವೆಂದು ಎಣಿಸಿತ್ತು. ಕೆನರಾ-ಸಿಂಡಿಕೇಟ್ ಜೋಡಿಗೆ ಫ್ಲೆಕ್ಸ್‌ಕ್ಯೂಬ್. ಮಂಗಳೂರಿನ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನೊಳಗೆ ಸೇರಿದ್ದು ಫಿನಾಕಲ್ ನೆಂಟಸ್ತಿಕೆಯಲ್ಲಿ. ಆದರೂ 2021ರ ಜುಲೈ 1ರಿಂದ ಸಿಂಡಿಕೇಟಿನ ಐಎಫ್‌ಎಸ್‌ಸಿಗಳು ನಿಂತುಹೋದವು. ಗ್ರಾಹಕರು ಹೊಸ ಕೋಡನ್ನೂ ಹೊಸ ಚೆಕ್ ಪುಸ್ತಕವನ್ನೂ ಪಡೆಯಬೇಕಾಯಿತು. ಹೊಸ ಕೋಡು ಹುಟ್ಟಿದ ಬಗೆ ನೋಡಿ: ಬ್ಯಾಂಕಿನ ನಾಲ್ಕು ಅಕ್ಷರ ಬದಲಾದವು, ಹಳೆಯ ಶಾಖಾ ಸಂಖ್ಯೆಗೆ 10000 ಕೂಡಿಸಲಾಯಿತು. ಎರಡೂ ಬ್ಯಾಂಕುಗಳು ತಮ್ಮ ಶಾಖೆಗಳಿಗೆ ಒಂದೇ ಬಗೆಯ ನಾಲ್ಕಂಕಿಯ ಸಂಖ್ಯೆ ಕೊಟ್ಟುಕೊಂಡಿದ್ದುದರಿಂದ ಹಾಗೆಯೇ ಸೇರಿಸಿದ್ದರೆ ಒಂದರ ಮೇಲೊಂದು ಬೀಳುತ್ತಿದ್ದವು. ಖಾತೆ ಸಂಖ್ಯೆಯ ಮೊದಲ ಅಂಕಿಗಳಲ್ಲೂ ಇದೇ ಶಾಖಾ ಸಂಖ್ಯೆ ಕೂತಿದೆ: ಕೆನರಾದ ಹಳೆಯ ಹದಿಮೂರಂಕಿಯ ಖಾತೆಗಳಲ್ಲಿ ಮೊದಲ ನಾಲ್ಕು, ಸಿಂಡಿಕೇಟಿನ ಹದಿನಾಲ್ಕಂಕಿಯವುಗಳಲ್ಲೂ ಮೊದಲ ನಾಲ್ಕು. ತಂತ್ರಾಂಶ ಒಂದೇ ಆಗಿದ್ದರೂ ಅದರೊಳಗಿನ ಶಾಖೆಗಳು ಬೇರೆಬೇರೆ ಎಣಿಕೆಯ ಲೋಕಗಳಾಗಿದ್ದವು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ದಾಖಲೆ ಬೇಕಿಲ್ಲ.

ಎದುರು ಪಕ್ಷದ ಆಕ್ಷೇಪ ಗಟ್ಟಿಯಾದದ್ದೇ. ಶಾಖಾ ಅಂಕಿ ಬರೀ ಹಣೆಪಟ್ಟಿ, ನಿಜವಾದ ಗುರುತು ಗ್ರಾಹಕ ಸಂಖ್ಯೆ ಎನ್ನುತ್ತಾರೆ ಅವರು. ಸ್ಟೇಟ್ ಬ್ಯಾಂಕಿನ ಹನ್ನೊಂದಂಕಿಯ ಖಾತೆ ಸಂಖ್ಯೆಯಲ್ಲಿ ಶಾಖೆಯ ಸುಳಿವೇ ಇಲ್ಲ ಎಂದೂ ತೋರಿಸುತ್ತಾರೆ. ಅದು ನಿಜ. ಹಾಗಾಗಿ ಖಾತೆ ಸಂಖ್ಯೆಯೊಂದನ್ನೇ ಹಿಡಿದು ನನ್ನ ವಾದವನ್ನು ಗೆಲ್ಲಿಸಲಾಗದು. ಆದರೆ ಅದೇ ಸ್ಟೇಟ್ ಬ್ಯಾಂಕಿನಲ್ಲಿ, ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಮೊದಲಾದ ಸಹವರ್ತಿ ಬ್ಯಾಂಕುಗಳು 2017ರ ಏಪ್ರಿಲ್ 1ರಂದು ವಿಲೀನವಾದ ಮೇಲೆ, ಸುಮಾರು 1,300 ಶಾಖೆಗಳ ಹೆಸರು, ಕೋಡುಗಳನ್ನು 2018ರಲ್ಲಿ ಬದಲಿಸಬೇಕಾಯಿತಲ್ಲ! ಎನ್‌ಇಎಫ್‌ಟಿಯಲ್ಲಿ ಹಣ ಜಮೆಯಾಗುವುದು ಖಾತೆ ಸಂಖ್ಯೆಯ ಆಧಾರದ ಮೇಲೆ. ಯಾವ ಬ್ಯಾಂಕಿಗೆ ಎಂದು ತಿಳಿಯಲು ಐಎಫ್‌ಎಸ್‌ಸಿಯ ಮೊದಲ ನಾಲ್ಕು ಅಕ್ಷರ ಸಾಕು. ಕೊನೆಯ ಆರು ಸ್ಥಾನಗಳು ಶಾಖೆಗಾಗಿಯೇ ಇವೆ. ಗ್ರಾಹಕ ಬ್ಯಾಂಕಿನವನೇ ಆಗಿದ್ದರೆ ಶಾಖೆಯ ಹೆಸರು ಬದಲಾದಾಗ ಅವನು ತನಗೆ ಹಣ ಕಳಿಸುವವರಿಗೆಲ್ಲ ಹೊಸ ಕೋಡು ತಿಳಿಸಬೇಕಾದ ಕಾರಣವೇನು?

ಹಣೆಪಟ್ಟಿಯನ್ನು ಬಿಟ್ಟು ಲೆಕ್ಕದೊಳಕ್ಕೆ ಇಳಿದರೆ ಸಾಕ್ಷ್ಯ ಇನ್ನೂ ಬಲವಾಗುತ್ತದೆ. ಫಿನಾಕಲ್‌ನಲ್ಲಿ ಪ್ರತಿ ಶಾಖೆಗೂ ಒಂದು ಸೋಲ್ ಐಡಿ. ಉಡುಪಿಯ ಖಾತೆಗೆ ಹುಬ್ಬಳ್ಳಿಯಲ್ಲಿ ಹಣ ಕಟ್ಟಿದರೆ ಗ್ರಾಹಕನಿಗೆ ಕಾಣುವುದು ಒಂದು ಜಮೆ. ತಂತ್ರಾಂಶದೊಳಗೆ ಹುಬ್ಬಳ್ಳಿಯ ಪುಸ್ತಕವೂ ಉಡುಪಿಯ ಪುಸ್ತಕವೂ ಬೇರೆಬೇರೆಯಾಗಿ ತಾಳೆಯಾಗಬೇಕು. ಅದಕ್ಕಾಗಿ ಎರಡರ ನಡುವೆ ಅಂತರ್‌ಶಾಖಾ ನಮೂದುಗಳು ತಾವಾಗಿಯೇ ಹುಟ್ಟುತ್ತವೆ. ಹಿಂದೆ ಗುಮಾಸ್ತರು ಅಡ್ವೈಸ್ ಬರೆದು ಅಂಚೆಯಲ್ಲಿ ಕಳಿಸಿ, ತಿಂಗಳುಗಟ್ಟಲೆ ತಾಳೆ ನೋಡುತ್ತಿದ್ದ ಕೆಲಸವೇ ಇದು. ವೇಗ ಬಂತು, ರಚನೆ ಹಾಗೆಯೇ ಉಳಿಯಿತು.

ಕಾನೂನೇ ಶಾಖೆಯನ್ನು ಕೇಳುತ್ತದೆ, ತಂತ್ರಾಂಶ ಏನು ಮಾಡೀತು ಎಂಬ ಸಮರ್ಥನೆಯೂ ಇದೆ. ಅದಕ್ಕೆ ತೋರಿಸುವುದು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 2015ರ ತಿದ್ದುಪಡಿಯನ್ನು. ಚೆಕ್ಕನ್ನು ಯಾವ ಶಾಖೆಯಲ್ಲಿ ವಸೂಲಿಗೆ ಕೊಟ್ಟರೂ, ಹಣ ಪಡೆಯುವವನ ಖಾತೆ ಇರುವ ಶಾಖೆಗೇ ಕೊಟ್ಟಂತೆ ಎಂದು ಅದು ಭಾವಿಸುತ್ತದೆ. ಬೌನ್ಸಾದ ಚೆಕ್ಕಿನ ಮೊಕದ್ದಮೆ ನಡೆಯುವುದು ಆ ಊರಿನಲ್ಲಿ. ಆದರೆ ವರ್ಷ ನೋಡಬೇಕು. ಸರ್ಕಾರಿ ಬ್ಯಾಂಕುಗಳೆಲ್ಲ ಕೋರ್ ಬ್ಯಾಂಕಿಂಗಿಗೆ ಬಂದ ಎಷ್ಟೋ ಕಾಲದ ನಂತರದ ಶಾಸನವಿದು. ಶಾಖೆ ಅಳಿದಿದ್ದರೆ ಸಂಸತ್ತಿಗೆ ಆಧಾರವಾಗಿ ಹಿಡಿಯಲು 'ಖಾತೆ ಇರುವ ಶಾಖೆ' ಸಿಗುತ್ತಲೇ ಇರಲಿಲ್ಲ. ಈ ಉದಾಹರಣೆ ಅವರಿಗಿಂತ ನನ್ನ ಕಡೆಗೇ ಹೆಚ್ಚು ವಾಲುತ್ತದೆ.

ಡೇ ಎಂಡ್ ವಿಷಯವನ್ನು ಚಿಕ್ಕದಾಗಿ ಹೇಳಬಹುದು. ಬಾಗಿಲು ಹಾಕಿದ ಮೇಲೆ ಡೇ ಬುಕ್ ಮುಗಿಸುವ ಶಾಖೆಯ ರೂಢಿಯೇ ತಂತ್ರಾಂಶದ ದಿನಾಂತ್ಯದ ಕೆಲಸವಾಯಿತು: ಪೋಸ್ಟ್ ಆಗದ ವೋಚರ್ ಉಳಿದಿದ್ದರೆ ಶಾಖೆಯ ದಿನ ಮುಗಿಯದು. 2010ರಲ್ಲಿ ಐಎಂಪಿಎಸ್, 2016ರಲ್ಲಿ ಯುಪಿಐ, 2019ರ ಡಿಸೆಂಬರ್ 16ರಿಂದ ಹಗಲಿರುಳೂ ಎನ್‌ಇಎಫ್‌ಟಿ, ಮರುವರ್ಷ ಹಾಗೆಯೇ ಹಗಲಿರುಳೂ ಆರ್‌ಟಿಜಿಎಸ್ ಬಂದವು. ದಿನ ಮುಗಿಯುತ್ತದೆಂದು ನಂಬಿ ಕಟ್ಟಿದ ಲೆಡ್ಜರಿನ ಮೇಲೆ ಮುಗಿಯದ ದಿನವನ್ನು ಹೇರಿದ್ದರಿಂದ, ದಿನಾಂತ್ಯದ ಹೊತ್ತಿನ ವಹಿವಾಟನ್ನು ಬದಿಯ ಇನ್ನೊಂದು ತಂತ್ರಾಂಶದಲ್ಲಿ ಹಿಡಿದಿಟ್ಟು ಆಮೇಲೆ ಲೆಡ್ಜರಿಗೆ ಏರಿಸುವ ಏರ್ಪಾಟು ಬೇಕಾಯಿತು. ತೇಪೆ ಹೆಚ್ಚಿದಷ್ಟೂ ತಾಳೆ ನೋಡಬೇಕಾದ ಜಾಗಗಳೂ ಹೆಚ್ಚುತ್ತವೆ.

ಇನ್ನು ಪಂಜಾಬ್ ನ್ಯಾಷನಲ್ ಬ್ಯಾಂಕು. 2018ರ ಫೆಬ್ರವರಿ 14ರಂದು ಬಯಲಾದ, ಸುಮಾರು 11,400 ಕೋಟಿ ರೂಪಾಯಿಯ ವಂಚನೆ ಪ್ರಕರಣವನ್ನು 'ಸ್ವಿಫ್ಟ್‌ಗೂ ಕೋರ್ ಬ್ಯಾಂಕಿಂಗಿಗೂ ಕೊಂಡಿ ಇರಲಿಲ್ಲ' ಎಂಬ ಒಂದೇ ವಾಕ್ಯದಲ್ಲಿ ಮುಗಿಸುವವರ ಬಗ್ಗೆ ನನಗೆ ತಾಳ್ಮೆಯಿಲ್ಲ. ಕೊಂಡಿ ಇರಲಿಲ್ಲ, ಸರಿ. ಮುಂಬಯಿಯ ಒಂದೇ ಶಾಖೆಯಿಂದ ಬ್ಯಾಂಕನ್ನೇ ಹೊಣೆಗಾರನನ್ನಾಗಿ ಮಾಡುವ ಸ್ವಿಫ್ಟ್ ಸಂದೇಶಗಳು ವರ್ಷಗಟ್ಟಲೆ ಹೊರಗೆ ಹೋದವು. ಕೇಂದ್ರದ ಪುಸ್ತಕಕ್ಕೆ ಅದು ತಿಳಿಯಲಿಲ್ಲ. ಏಕೆಂದರೆ ಆ ಪುಸ್ತಕಕ್ಕೆ ತನ್ನದೇ ಕಣ್ಣಿಲ್ಲ. ಶಾಖೆ ವೋಚರ್ ಹಾಕಿದರೆ ಹೊಣೆ ಹುಟ್ಟಿತು, ಹಾಕದಿದ್ದರೆ ಇಲ್ಲ. 1984ರ ಲೆಡ್ಜರ್ ಪೋಸ್ಟಿಂಗ್ ಯಂತ್ರವೂ ಹೀಗೆಯೇ, ಪೋಸ್ಟ್ ಮಾಡಿದ್ದನ್ನಷ್ಟೇ ಬಲ್ಲದ್ದಾಗಿತ್ತು. 2018ರ ಏಪ್ರಿಲ್ 30ರೊಳಗೆ ಸ್ವಿಫ್ಟನ್ನೂ ಕೋರ್ ಬ್ಯಾಂಕಿಂಗನ್ನೂ ಬೆಸೆಯಬೇಕೆಂದು ರಿಸರ್ವ್ ಬ್ಯಾಂಕು ಅಪ್ಪಣೆ ಮಾಡಿತು. ಸ್ವಿಫ್ಟ್ ಕುರಿತ ನಿರ್ದೇಶನಗಳನ್ನು ಪಾಲಿಸಲಿಲ್ಲವೆಂದು 2019ರ ಮಾರ್ಚ್‌ನಲ್ಲಿ 36 ಬ್ಯಾಂಕುಗಳಿಗೆ ಒಟ್ಟು 71 ಕೋಟಿ ರೂಪಾಯಿ ದಂಡ ಹಾಕಿತು. ಬೆಸುಗೆ ಬೇಕಾದದ್ದೇ, ಆ ಒಂದು ದಾರಿ ಅದರಿಂದ ಮುಚ್ಚುತ್ತದೆ. ಆದರೆ ಕಾಗದದ ಮೇಲೆ ಸಹಿ ಮಾಡಿ ಕೊಡುವ ಬ್ಯಾಂಕ್ ಗ್ಯಾರಂಟಿ ಸ್ವಿಫ್ಟ್ ದಾರಿಯಲ್ಲಿ ಹೋಗುವುದಿಲ್ಲ; ಶಾಖೆ ಅದನ್ನು ನಮೂದಿಸುವವರೆಗೆ ಕೇಂದ್ರದ ಲೆಡ್ಜರಿನಲ್ಲಿ ಅದೂ ಇರುವುದಿಲ್ಲ.